ಎಲ್ಲರೂ ಕೂತೇ ಓಡಿಸೋದು

ಡ್ರೈವರ್ ಸೀಟಿಗೆ ಒಂದು ವಿಶೇಷ ಇದೆ, ಯಾರೂ ಅಷ್ಟಾಗಿ ಗಮನಿಸಿರಲಿಕ್ಕಿಲ್ಲ. ಬಸ್ಸಿನಲ್ಲಿ ಅರವತ್ತು ಜನ ನಿಂತಿರಲಿ, ಜೋತುಬಿದ್ದಿರಲಿ, ಅಷ್ಟೂ ಜನರನ್ನು ಊರು ಮುಟ್ಟಿಸುವ ಮನುಷ್ಯ ಮಾತ್ರ ಕೂತೇ ಇರುತ್ತಾನೆ. ಅವನು ಎದ್ದು ನಿಂತ ಅಂದ್ರೆ ಏನೋ ಕೆಟ್ಟಿದೆ ಅಂತ ಅರ್ಥ. ಲಾರಿ, ಟ್ರ್ಯಾಕ್ಟರ್, ರೈಲು, ವಿಮಾನ ಎಲ್ಲದಕ್ಕೂ ಇದೇ ಕಾನೂನು. ಬೇರೆ ಕೆಲಸಗಳಿಗೆ ಜನ "ಏಳು, ನಿಲ್ಲು, ಓಡು" ಅಂತಾರೆ. ಈ ಒಂದು ಕೆಲಸಕ್ಕೆ "ಬಾ, ಕುಂದ್ರು" ಅಂತಾರೆ.

ನಡೆಯೋದು ಕಷ್ಟ ಇರುವವರ ಮನೆಯಲ್ಲಿ ಇದು ಸಣ್ಣ ಮಾತಲ್ಲ. ನಮಗೆ ಇದು ಹೊಳೆದದ್ದು ಕಂಪ್ಯೂಟರ್ ಆಟ ಆಡುವಾಗ.

ನಾವು ಅಂದ್ರೆ ಇಬ್ಬರು, ಅಣ್ಣ ಮತ್ತು ತಂಗಿ. ಊರು ಹಾವೇರಿ ಜಿಲ್ಲೆ, ಹಾನಗಲ್ಲ ತಾಲ್ಲೂಕಿನ ಅಕ್ಕಿಆಲೂರು. ಇಬ್ಬರೂ ಇದೇ ಕಾಲೇಜು. ಅಣ್ಣ ಕಂಪ್ಯೂಟರ್ ಸೈನ್ಸ್, ತಂಗಿ ಇ ಆಂಡ್ ಸಿ, ಎರಡು ವರ್ಷ ಹಿಂದೆ. ಈ ಲೇಖನ ಇಬ್ಬರೂ ಕೂಡಿ ಬರೆದದ್ದು, ಅದಕ್ಕೇ "ನಾವು". ಯಾವ ಸಾಲು ಯಾರದು ಅಂತ ಕೇಳಬೇಡಿ, ಅದರ ಬಗ್ಗೆ ಈಗಾಗಲೇ ಸಾಕಷ್ಟು ಜಗಳ ಆಗಿದೆ.

ಕ್ಯಾಂಪಸ್ಸಿನಲ್ಲಿ ಎರಡು ಊರುಗೋಲು ಹಿಡಿದು ಲೈಬ್ರರಿ ಕಡೆಗೆ ಹೋಗುವ ಒಬ್ಬನನ್ನು ನೀವು ನೋಡಿರ್ತೀರಿ. ಅವನೇ ಅಣ್ಣ. ಅವನಿಗಿರೋದು ಹುಟ್ಟಿನಿಂದ ಬಂದ ಸೆರೆಬ್ರಲ್ ಪಾಲ್ಸಿ. 1995ರ ಕಾನೂನಿನಲ್ಲಿ ಅಂಗವೈಕಲ್ಯದ 7 ಬಗೆ ಇದ್ದವು, 2016ರ ಕಾನೂನಿನಲ್ಲಿ 21 ಆದವು. ಆ 21ರಲ್ಲಿ ಇದೂ ಒಂದು. ಅವನ ಎರಡೂ ಕಾಲಿಗೆ ಶಕ್ತಿ ಇದೆ, ಮುಟ್ಟಿದ್ದು ಗೊತ್ತಾಗುತ್ತದೆ. ಆದರೆ ಮೆದುಳಿನಿಂದ ಹೊರಟ ಆದೇಶ ಸ್ನಾಯುಗಳಿಗೆ ಸರಿಯಾಗಿ ಮುಟ್ಟುವುದಿಲ್ಲ, ಸ್ನಾಯುಗಳು ಸದಾ ಬಿಗಿ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಒಂದೇ ಸಾಲಿನಲ್ಲಿ ಹೇಳಬಹುದು: ಡಿಲೇ ಜಾಸ್ತಿ, ಗೇನ್ ಜಾಸ್ತಿ, ಡ್ಯಾಂಪಿಂಗ್ ಕಡಿಮೆ. ಸ್ವಲ್ಪ ಎತ್ತು ಅಂದ್ರೆ ಕಾಲು ತಡವಾಗಿ ಎದ್ದು, ಬೇಕಾದ್ದಕ್ಕಿಂತ ಹೆಚ್ಚು ಎತ್ತುತ್ತದೆ. ಕೈಗಳಿಗೆ ಅಷ್ಟೇನೂ ತೊಂದರೆ ಇಲ್ಲ.

ಇಷ್ಟು ಹೇಳಿದ ಕೂಡಲೇ ಕೆಲವರ ಮುಖದ ಮೇಲೆ "ಪಾಪ" ಬರುತ್ತದೆ. ಇನ್ನು ಕೆಲವರ ಮುಖದ ಮೇಲೆ "ಎಂಥಾ ಸ್ಫೂರ್ತಿ!" ಬರುತ್ತದೆ. ಎರಡನ್ನೂ ಸ್ವಲ್ಪ ಹೊತ್ತು ಬದಿಗಿಡಿ. ಇದು ಆಟದ ಬಗ್ಗೆ, ಆಟದ ಖುಷಿಯ ಬಗ್ಗೆ ಬರೆದ ಲೇಖನ.

ಅಕ್ಕಿಆಲೂರಿಗೆ ರೈಲಿಲ್ಲ. ರೈಲು ಹಿಡಿಯಬೇಕಂದ್ರೆ ಹಾವೇರಿಗೆ ಹೋಗಬೇಕು. ಎಲ್ಲದಕ್ಕೂ ಬಸ್ಸೇ ಗತಿ, ಬಸ್ಸೇ ಗಡಿಯಾರ. "ಮುಂಜಾನಿ ಫಸ್ಟ್ ಗಾಡಿ ಹೋತು" ಅಂದ್ರೆ ಅವ್ವ ಏಳುವ ಹೊತ್ತು. ಅಣ್ಣ ಸಣ್ಣವನಿದ್ದಾಗ ಬಸ್ಸು ಹತ್ತೋದು ಒಂದು ದೊಡ್ಡ ಕಾರ್ಯಕ್ರಮ. ಮೊದಲ ಮೆಟ್ಟಿಲು ಅವನ ಮೊಣಕಾಲಿಗಿಂತ ಎತ್ತರ. ಅಪ್ಪ ಹಿಂದಿನಿಂದ ಎತ್ತಬೇಕು, ಅವ್ವ ಒಳಗಿಂದ ಎಳೀಬೇಕು, ತಂಗಿ ಊರುಗೋಲು ಹಿಡಿಯಬೇಕು. ಅಷ್ಟರಲ್ಲಿ ಹಿಂದಿನವರು "ಲಗೂನ ಲಗೂನ" ಅನ್ನೋರು. ಹತ್ತಿದ ಮೇಲೆ ಯಾರಾದರೂ ಎದ್ದು ಜಾಗ ಬಿಡೋರು, ಬಿಟ್ಟು ಇಡೀ ದಾರಿ ಕಾಲನ್ನೇ ನೋಡೋರು. ಅಣ್ಣ ಮಾತ್ರ ಡ್ರೈವರ್ ಕೈ ನೋಡ್ತಿದ್ದ. ಆ ದೊಡ್ಡ ಸ್ಟಿಯರಿಂಗ್, ಗಡಗಡ ನಡುಗುವ ಗೇರ್ ರಾಡು, ಎದುರಿನ ಗಾಡಿಗೆ ಒಂದು ಬೆರಳೆತ್ತಿ ಮಾಡುವ ನಮಸ್ಕಾರ.

ದೊಡ್ಡವನಾದ ಮೇಲೆ ಅಂಗವಿಕಲರ ರಿಯಾಯಿತಿ ಬಸ್ ಪಾಸ್ ಬಂತು. ಅದು ವಾಸದ ಊರಿನಿಂದ 100 ಕಿ.ಮೀ. ವರೆಗೆ ನಡೆಯುತ್ತದೆ. ಅಕ್ಕಿಆಲೂರಿನ ಮೇಲೆ ಕೈವಾರದ ಮೊನೆ ಇಟ್ಟು ವೃತ್ತ ಎಳೆದ್ರೆ ಹುಬ್ಬಳ್ಳಿ, ಶಿರಸಿ ಒಳಗೆ. ಬೆಂಗಳೂರು ಹೊರಗೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗ ತಂಗಿಗೆ ರಾಜ್ಯದ ತುಂಬಾ ಓಡಾಟ ಪುಕ್ಕಟೆ ಆಯ್ತು. ಅವತ್ತು ಅಣ್ಣ ಪಾಸ್ ತೋರಿಸಿ "ನನ್ನ ರಾಜ್ಯ ಇಷ್ಟs" ಅಂದ. ತಂಗಿ ಆಧಾರ್ ಕಾರ್ಡ್ ತೋರಿಸಿ "ನಂದು ಬೀದರ್ ತನಕ" ಅಂದಳು. ಇಂಥ ಜೋಕು ನಮ್ಮ ಮನೆಯಲ್ಲಿ ನಡೆಯುತ್ತವೆ. ಹೊರಗಿನವರು ಮಾಡಿದ್ರೆ ಅವ್ವ ಬೈತಾಳೆ.

ಆಟ ಶುರುವಾದದ್ದು 2020ರ ಲಾಕ್‌ಡೌನ್‌ನಲ್ಲಿ. ಎಲ್ಲರ ಕಾಲೂ ಮನೆಯೊಳಗೇ ನಿಂತಿದ್ದ ಕಾಲ ಅದು. ಅಪ್ಪನ ಮೊಬೈಲಿನಲ್ಲಿ ಆನ್‌ಲೈನ್ ಕ್ಲಾಸು ನೋಡಿ, ಉಳಿದ ಡೇಟಾದಲ್ಲಿ "ಬಸ್ ಸಿಮ್ಯುಲೇಟರ್ ಇಂಡೊನೇಷಿಯಾ" ಇಳಿಸಿದೆವು. ನಿಮ್ಮಲ್ಲಿ ಅರ್ಧ ಜನರಿಗಾದರೂ ಇದು ಗೊತ್ತಿರಬೇಕು. ಮಾಲಿಯೊ ಅನ್ನುವ ಇಂಡೊನೇಷಿಯಾದ ಕಂಪನಿ 2017ರಲ್ಲಿ ಬಿಟ್ಟ ಆಟ. ಅಲ್ಲಿಯೂ ನಮ್ಮ ಹಾಗೆ ರಸ್ತೆಯ ಎಡಗಡೆಗೇ ಓಡಿಸುತ್ತಾರೆ, ಹಾಗಾಗಿ ಎಲ್ಲವೂ ಪರಿಚಯದ್ದೇ ಅನ್ನಿಸುತ್ತದೆ. ಬಸ್ಸಿನ ಮೈಬಣ್ಣ ನಾವೇ ಬರೆದು ಹಾಕಬಹುದು. ಈ ಒಂದು ಸೌಲಭ್ಯದಿಂದಲೇ ಕರ್ನಾಟಕದ ಎಷ್ಟೋ ಹುಡುಗರು ಇಂಡೊನೇಷಿಯಾದ ರಸ್ತೆ ಮೇಲೆ ಕೆಎಸ್‌ಆರ್‌ಟಿಸಿ ಓಡಿಸಿಬಿಟ್ಟರು. ನಾವೂ ಒಂದು ಕೆಂಪು ಬಸ್ಸು ಮಾಡಿಕೊಂಡೆವು. ಬೋರ್ಡಿನ ಮೇಲೆ "ಅಕ್ಕಿಆಲೂರು – ಹಾನಗಲ್ಲ – ಹುಬ್ಬಳ್ಳಿ" ಅಂತ ತಂಗಿ ಕನ್ನಡದಲ್ಲಿ ಬರೆದಳು. ಜಾವಾ ದ್ವೀಪದ ಗದ್ದೆಗಳ ನಡುವೆ ಆ ಬೋರ್ಡು ಹೊತ್ತು ಹೋಗುವ ಬಸ್ಸು ನೋಡಿ ಅಪ್ಪ, "ಇದರಾಗ ನಮ್ಮೂರ ಸ್ಟ್ಯಾಂಡ್ ಯಾವಾಗ ಬರ್ತೈತೋ?" ಅಂತ ನಿಜವಾಗಿಯೇ ಕೇಳಿದರು.

ಮೊಬೈಲ್ ಆಟದಲ್ಲಿ ಎಲ್ಲವೂ ಹೆಬ್ಬೆರಳಿನಲ್ಲೇ. ಸ್ಟಿಯರಿಂಗ್ ತೆರೆಯ ಮೇಲೆ, ಬ್ರೇಕೂ ತೆರೆಯ ಮೇಲೆ. ಅಲ್ಲಿ ಕಾಲಿನ ಪ್ರಶ್ನೆಯೇ ಏಳಲಿಲ್ಲ. ಅದು ಎದ್ದದ್ದು ಆಮೇಲೆ.

2022ರಲ್ಲಿ ಅಣ್ಣನಿಗೆ ಇಂಜಿನಿಯರಿಂಗ್ ಸೀಟು ಸಿಗುತ್ತದೆ ಅಂತಾದಾಗ ಅಪ್ಪ ಗೋವಿನಜೋಳದ ದುಡ್ಡಿನಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ತಂದರು. ಅದರಲ್ಲಿ ಓಡಬಲ್ಲ ಒಳ್ಳೆಯ ಆಟ ಹುಡುಕಿದಾಗ ಸಿಕ್ಕಿದ್ದು "ಯೂರೊ ಟ್ರಕ್ ಸಿಮ್ಯುಲೇಟರ್ 2". ಜೆಕ್ ಗಣರಾಜ್ಯದ ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್ 2012ರಲ್ಲಿ ಬಿಟ್ಟದ್ದು, ಹಳೆಯ ಆಟ, ಹಳೆಯ ಕಂಪ್ಯೂಟರಿಗೆ ಸರಿಹೋಯಿತು. ನೀವೊಬ್ಬ ಲಾರಿ ಡ್ರೈವರ್. ಒಂದು ಊರಲ್ಲಿ ಲೋಡ್ ಎತ್ತಿಕೊಂಡು ಇನ್ನೊಂದು ಊರಿಗೆ ಮುಟ್ಟಿಸಬೇಕು. ಇಷ್ಟೇ ಕತೆ. ಗುಂಡು ಹಾರಿಸೋದಿಲ್ಲ, ಯಾರನ್ನೂ ಸೋಲಿಸೋದಿಲ್ಲ. ಸಿಗ್ನಲ್ ಮುರಿದ್ರೆ ದಂಡ, ಡಿಕ್ಕಿ ಹೊಡೆದ್ರೆ ರಿಪೇರಿ ಖರ್ಚು, ತಡ ಆದ್ರೆ ಬಾಡಿಗೆ ಕಡಿಮೆ. ಹಾಸ್ಟೆಲ್ ಗೆಳೆಯರು "ಇದರಾಗ ಏನ್ ಮಜಾ ಐತಲೇ?" ಅಂತಾರೆ. ಅದನ್ನೇ ಹೇಳೋಕೆ ಹೊರಟಿದ್ದೇವೆ.

ಮೊದಲನೆಯದು, ಹೊರಡುವ ಮಜಾ. ನಿಜಜೀವನದಲ್ಲಿ ಅಣ್ಣ ಎಲ್ಲಿಗೆ ಹೋಗಬೇಕಂದ್ರೂ ಮೊದಲು ಪ್ರಶ್ನೆಗಳ ಪಟ್ಟಿ. ಅಲ್ಲಿ ಮೆಟ್ಟಿಲು ಎಷ್ಟು? ಕಂಬಿ ಇದೆಯಾ? ಶೌಚಾಲಯ ಎಂಥದ್ದು? ಮಳೆ ಬಂದು ನೆಲ ಒದ್ದೆ ಆದ್ರೆ ಊರುಗೋಲು ಜಾರುತ್ತಾ? ವಾಪಸ್ ಬರೋಕೆ ಯಾರು ಜೊತೆಗೆ? ಇಷ್ಟಕ್ಕೆಲ್ಲ ಉತ್ತರ ಸಿಗುವಷ್ಟರಲ್ಲಿ ಹೋಗುವ ಆಸೆಯೇ ಅರ್ಧ ಆಗಿರುತ್ತದೆ. ಆಟದಲ್ಲಿ ಕಾರ್ಡಿಫ್‌ನಿಂದ ಅಬರ್ಡೀನ್‌ಗೆ ಕೆಲಸ ಬಂತಾ, ಹೊರಟ. ರಾತ್ರಿ, ಮಳೆ, ವೈಪರ್ ಸದ್ದು, ಇಂಡಿಕೇಟರ್ ಟಿಕ್ ಟಿಕ್, ಮುಂದೆ ಖಾಲಿ ರಸ್ತೆ, ಹಿಂದೆ ಹದಿನೈದು ಟನ್ ಲೋಡು. ಮಳೆ ಅಲ್ಲಿ ಬರೀ ಚಂದ ಕಾಣುತ್ತದೆ, ಬೀಳುವ ಹೆದರಿಕೆ ತರೋದಿಲ್ಲ. ಇನ್ನೊಂದು ವಿಷಯ. ನಾವು ಆಡಿದ ಇಷ್ಟು ದಿನದಲ್ಲಿ ಆ ಡ್ರೈವರ್ ಒಮ್ಮೆಯೂ ಲಾರಿಯಿಂದ ಇಳಿದು ನಡೆದಿಲ್ಲ. ಇಳಿದು ಅಡ್ಡಾಡಬೇಕು ಅಂತ ಬಯಸುವ ಆಟಗಾರರಿದ್ದಾರೆ. ನಮಗೆ ಅದೊಂದು ಕೊರತೆ ಅಂತ ಇವತ್ತಿನವರೆಗೆ ಅನ್ನಿಸಿಲ್ಲ.

ಎರಡನೆಯದು, ಬೇಕಾದವನಾಗುವ ಮಜಾ. ಎಲ್ಲೋ ಒಂದು ಗೋದಾಮಿನಲ್ಲಿ ಯಾರೋ ನಿಮ್ಮ ಲೋಡಿಗೆ ಕಾಯ್ತಿದ್ದಾರೆ. ಅದು ಸುಳ್ಳು ಅಂತ ಗೊತ್ತು. ಆದರೂ ಎಲ್ಲರೂ ತನಗಾಗಿ ಕಾಯೋದನ್ನೇ ನೋಡಿ ಬೆಳೆದ ಹುಡುಗನಿಗೆ, ತಾನು ಹೊತ್ತಿಗೆ ಸರಿಯಾಗಿ ಮುಟ್ಟಿಸಿದೆ ಅನ್ನೋದರ ರುಚಿಯೇ ಬೇರೆ.

ಮೂರನೆಯದು, ದೂರ. ಆ ಆಟದ ಯುರೋಪಿನ ಬಹುಭಾಗ 1:19 ಅಳತೆಯಲ್ಲಿದೆ, ಅಂದ್ರೆ ನಿಜದ 19 ಕಿ.ಮೀ. ಅಲ್ಲಿ 1 ಕಿ.ಮೀ. ಆಟದ ಗಡಿಯಾರವೂ ಅದಕ್ಕೆ ತಕ್ಕ ಹಾಗೆ ಜೋರಾಗಿ ಓಡುತ್ತದೆ. ಪಾಸಿನ 100 ಕಿ.ಮೀ.ಯನ್ನು ಅದೇ ಲೆಕ್ಕಕ್ಕೆ ಇಳಿಸಿದ್ರೆ ಬರೋದು ಐದು ಕಾಲು ಕಿ.ಮೀ. ಅಣ್ಣ ಮೊದಲ ದಿನವೇ ಈ ಲೆಕ್ಕ ಮಾಡಿದ. ಮೊದಲ ವಾರದಲ್ಲೇ ತನ್ನ ವೃತ್ತ ದಾಟಿದ.

ಇನ್ನು ಪೆಡಲ್ ಪುರಾಣ. ಕೀಬೋರ್ಡಿನಲ್ಲಿ ಆಡೋದು ಬೇಸರವಾಗಿ, ಹುಬ್ಬಳ್ಳಿಯಲ್ಲಿ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಸ್ಟಿಯರಿಂಗ್ ಸೆಟ್ ತಂದೆವು. 900 ಡಿಗ್ರಿ ತಿರುಗುವ ಚಕ್ರ, ಒಳಗೆ ಮೋಟರ್, ಹೊಂಡ ಬಂದ್ರೆ ಕೈಗೆ ಗೊತ್ತಾಗುತ್ತದೆ. ಜೊತೆಗೆ ನೆಲದ ಮೇಲಿಡುವ ಮೂರು ಪೆಡಲು. ಅಲ್ಲಿಯವರೆಗೆ ಆಟದಿಂದ ಹೊರಗಿದ್ದ ಕಾಲುಗಳು ಈಗ ಒಳಗೆ ಬಂದವು.

ಅಣ್ಣ ಪಾದ ಇಟ್ಟ. ಎಕ್ಸಿಲೇಟರ್ ಒಂದೋ ಸೊನ್ನೆ, ಇಲ್ಲ ನೂರು. ನಡುವೆ ಏನೂ ಇಲ್ಲ. ಮೇಲಿಂದ ಇನ್ನೊಂದು ಸಂಗತಿ: ಸೆರೆಬ್ರಲ್ ಪಾಲ್ಸಿ ಇರುವ ಎಷ್ಟೋ ಜನರಿಗೆ ಹಠಾತ್ತನೆ ಸದ್ದಾದ್ರೆ ಇಡೀ ಮೈ ಬೆಚ್ಚಿ ಕಾಲು ಕೋಲಿನ ಹಾಗೆ ನೆಟ್ಟಗಾಗುತ್ತದೆ. ಹಿಂದಿನ ಲಾರಿ ಹಾರ್ನ್ ಹೊಡೆಯಿತು, ಅಣ್ಣನ ಬಲಗಾಲು ಸೆಟೆಯಿತು, ಎಕ್ಸಿಲೇಟರ್ ತಳ ಮುಟ್ಟಿತು, ನಮ್ಮ ಲಾರಿ ಹೋಗಿ ಟೋಲ್ ಗೇಟಿಗೆ ಮುತ್ತು ಕೊಟ್ಟಿತು. ಲೋಡು ಒಡೆದ ಚೀನೀ ಮಣ್ಣಿನ ಸಾಮಾನು. ನಾವು ನಕ್ಕ ಸದ್ದಿಗೆ ಅವ್ವ ಅಡಿಗೆ ಮನೆಯಿಂದ ಓಡಿ ಬಂದಳು.

ಪರಿಹಾರ ತಂಗಿಯದೇ. "ನೀ ಕೈ, ನಾ ಕಾಲು" ಅಂದಳು. ಮೇಜಿನ ಕೆಳಗೆ ಪೆಡಲ್ ತನ್ನ ಕಡೆ ಎಳಕೊಂಡು ಪಕ್ಕದ ಕುರ್ಚಿಯಲ್ಲಿ ಕೂತಳು. ಒಂದು ಲಾರಿ, ಇಬ್ಬರು ಡ್ರೈವರ್. ನಮ್ಮದೇ ಒಂದು ಭಾಷೆ ಹುಟ್ಟಿತು. "ಹಚ್ಚು" ಅಂದ್ರೆ ಎಕ್ಸಿಲೇಟರ್, "ಬಿಡು" ಅಂದ್ರೆ ಕಾಲು ತೆಗಿ, "ಮೆಲ್ಲಕ" ಅಂದ್ರೆ ಅರ್ಧ ಬ್ರೇಕ್, "ಅಯ್ಯಯ್ಯೋ" ಅಂದ್ರೆ ಪೂರ್ತಿ ಬ್ರೇಕ್. ಕೆಲವು ತಿಂಗಳಲ್ಲಿ ಹೇಳೋದೇ ಬೇಡವಾಯ್ತು. ತಿರುವು ಕಾಣುತ್ತಲೇ ತಂಗಿಯ ಕಾಲು ಹಗುರಾಗುತ್ತಿತ್ತು. ರಜೆಗೆ ಊರಿಗೆ ಬಂದಾಗಲೆಲ್ಲ, ದೀಪಾವಳಿಗೂ ಯುಗಾದಿಗೂ, ನಾವು ಹೀಗೇ ಬ್ರಿಟನ್ ಸುತ್ತಿದೆವು. ಬ್ರಿಟನ್ನೇ ಯಾಕಂದ್ರೆ ಅಲ್ಲಿಯೂ ಎಡಗಡೆ ಓಡಿಸ್ತಾರೆ. ಡೋವರ್ ದಾಟಿ ಫ್ರಾನ್ಸಿಗೆ ಇಳಿದರೆ ಬಲಗಡೆ, ಆಗ ಇಬ್ಬರಿಗೂ ಗೊಂದಲ, ಒಬ್ಬರ ಮೇಲೊಬ್ಬರು ಕೂಗಾಟ.

ಈ ಆಟದಲ್ಲಿ ನಿಜವಾದ ಪರೀಕ್ಷೆ ರಿವರ್ಸ್. ಟ್ರೇಲರ್ ಹಿಂದಕ್ಕೆ ತಳ್ಳಿ ಗೋದಾಮಿನ ಬಾಗಿಲಿಗೆ ನೆಟ್ಟಗೆ ನಿಲ್ಲಿಸಬೇಕು. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದ್ರೆ ಟ್ರೇಲರಿನ ಬಾಲ ಬಲಕ್ಕೆ ಹೋಗುತ್ತದೆ. ನಮಗೆ ಇದನ್ನು ಕಲಿಸಿದ್ದು ಕಾಕಾ. ಅವರ ಟ್ರ್ಯಾಕ್ಟರ್ ಟ್ರೇಲರ್ ಜೋಳ ತುಂಬಿಕೊಂಡು ಎಂಥ ಸಂದಿಯಲ್ಲೂ ಹಿಂದಕ್ಕೆ ಹೋಗುತ್ತದೆ. ಒಂದು ಸಂಜೆ ಬಂದು ನಮ್ಮ ಒದ್ದಾಟ ನೋಡಿ, "ಗಾಲಿ ನೋಡಬ್ಯಾಡಪಾ, ಟ್ರೇಲರಿನ ಮೂಲಿ ನೋಡು. ಮೂಲಿ ಎತ್ತಾಗ ಹೋಗಬೇಕೋ ಅದರ ಉಲ್ಟಾ ಕೈ. ಒಮ್ಮೆ ಬಾಗಿತು ಅಂದ್ರ ಲಗೂನ ಬೆನ್ನು ಹತ್ತು" ಅಂದರು. ಆಮೇಲೆ ತಾವೇ ಕೂತರು. ನಿಜದ ಟ್ರ್ಯಾಕ್ಟರಿನಲ್ಲಿ ಇಪ್ಪತ್ತು ವರ್ಷ ಕಳೆದ ಮನುಷ್ಯ ಆಟದಲ್ಲಿ ಮೂರು ಸಲ ಗೋಡೆಗೆ ಹಾಕಿದರು. "ಕುತ್ತಿಗಿ ಹೊಳ್ಳಿಸಿ ನೋಡಾಕ ಆಗಂಗಿಲ್ಲ ಇದರಾಗ" ಅಂತ ನೆವ ಹೇಳಿದರು. ನಾಲ್ಕನೇ ಸಲ ಅಣ್ಣ ಕೂತು ಒಂದೇ ಏಟಿಗೆ ನಿಲ್ಲಿಸಿದ. ಕಾಕಾ ಏನೂ ಅನ್ನಲಿಲ್ಲ. ಹೋಗುವಾಗ ಅಪ್ಪನ ಹತ್ತಿರ, "ಹುಡುಗನ ಕೈ ಚಲೋ ಐತಿ" ಅಂದದ್ದು ಕೇಳಿಸಿತು. ಅಣ್ಣನ ಕಾಲಿನ ಬಗ್ಗೆ ಊರೆಲ್ಲ ಮಾತಾಡಿದೆ. ಅವನ ಕೈ ಬಗ್ಗೆ ಒಬ್ಬರು ಮಾತಾಡಿದ್ದು ಅದೇ ಮೊದಲು.

ಆದರೂ ಒಂದು ವಿಷಯ ಇಬ್ಬರಿಗೂ ಗೊತ್ತಿತ್ತು, ಬಾಯಿ ಬಿಟ್ಟು ಹೇಳಿರಲಿಲ್ಲ. ಬ್ರೇಕ್ ಬೇಕಂದ್ರೆ ಅಣ್ಣ ಕೇಳಬೇಕು. ಬಸ್ಸು ಹತ್ತೋಕೆ ಕೇಳಬೇಕು, ನೀರಿನ ಕೊಡಕ್ಕೆ ಕೇಳಬೇಕು, ಮೂರನೇ ಮಹಡಿಯ ಲ್ಯಾಬಿಗೆ ಕೇಳಬೇಕು, ಆಟದಲ್ಲೂ ಕೇಳಬೇಕು. ತಂಗಿ ಊರಲ್ಲಿ ಇಲ್ಲದ ದಿನ ಲಾರಿ ಗ್ಯಾರೇಜಿನಲ್ಲೇ.

ಪುಸ್ತಕ, ವಿಡಿಯೊ ಹುಡುಕಿದಾಗ ಗೊತ್ತಾಗಿದ್ದು, ಈ ತೊಂದರೆ ನಮ್ಮ ಮೇಜಿನ ಕೆಳಗಿನದ್ದು ಮಾತ್ರ ಅಲ್ಲ. ಇಟಲಿಯ ರೇಸ್ ಡ್ರೈವರ್ ಅಲೆಕ್ಸ್ ಜನಾರ್ಡಿ 2001ರಲ್ಲಿ ಜರ್ಮನಿಯ ಟ್ರ್ಯಾಕಿನ ಮೇಲೆ ಎರಡೂ ಕಾಲು ಕಳಕೊಂಡ. ಕೈಯಿಂದ ನಡೆಸುವ ಹಾಗೆ ಬದಲಿಸಿದ ಕಾರಿನಲ್ಲಿ ಮತ್ತೆ ರೇಸಿಗೆ ಬಂದ, ಗೆದ್ದ. ಆಮೇಲೆ ಹ್ಯಾಂಡ್‌ಸೈಕಲ್ ಹಿಡಿದು 2012 ಮತ್ತು 2016ರ ಪ್ಯಾರಾಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದ. ಕೆನಡಾದ ರಾಬರ್ಟ್ ವಿಕೆನ್ಸ್ 2018ರ ಅಪಘಾತದ ನಂತರ ಕಾಲಿನ ಬಲ ಕಳಕೊಂಡು, 2023ರಲ್ಲಿ ಕೈ ನಿಯಂತ್ರಣದ ಕಾರಿನಲ್ಲೇ ಚಾಂಪಿಯನ್‌ಶಿಪ್ ಗೆದ್ದ. ಆಟದ ಲೋಕದಲ್ಲಿ ಮೈಕ್ರೊಸಾಫ್ಟ್ 2018ರಲ್ಲಿ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ತಂತು. ಅದರ ಹಿಂಬದಿಗೆ ಹೆಡ್‌ಫೋನಿನಂಥ 3.5 ಮಿ.ಮೀ. ತೂತುಗಳ ಸಾಲೇ ಇದೆ, 19 ತೂತು. ಯಾವ ಸ್ವಿಚ್ ಬೇಕಾದ್ರೂ ಚುಚ್ಚಿ: ಮೊಣಕೈಯಿಂದ ಒತ್ತುವುದು, ಗದ್ದದಿಂದ ಒತ್ತುವುದು, ನಿಮ್ಮಿಷ್ಟ. ಸೋನಿ 2023ರಲ್ಲಿ ಆಕ್ಸೆಸ್ ಕಂಟ್ರೋಲರ್ ತಂತು. ಅದೇ ವರ್ಷದ ಫೋರ್ಜಾ ಮೋಟರ್‌ಸ್ಪೋರ್ಟ್ ಆಟದಲ್ಲಿ ಕಣ್ಣು ಕಾಣದವರು ಬರೀ ಸದ್ದು ಕೇಳಿ ರೇಸ್ ಓಡಿಸುವ ವ್ಯವಸ್ಥೆ ಇದೆ. ತಿರುವು ಯಾವ ಕಡೆ, ಕಾರು ಅಂಚಿಗೆ ಎಷ್ಟು ಹತ್ತಿರ, ಎಲ್ಲ ಕಿವಿಗೇ ಹೇಳುತ್ತದೆ.

ಈ ಸಾಮಾನು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಆದರೆ ಅವುಗಳ ಹಿಂದಿನ ವಿಚಾರ ಪುಕ್ಕಟೆ. ಲಾರಿಗೆ ಬೇಕಾದ್ದು ಒಂದು ಸಂಖ್ಯೆ, ಸೊನ್ನೆಯಿಂದ ಒಂದರವರೆಗೆ, ಎಷ್ಟು ವೇಗ ಬೇಕು ಅಂತ. ಆ ಸಂಖ್ಯೆ ಪಾದದಿಂದ ಬಂತೋ, ಬೆರಳಿನಿಂದ ಬಂತೋ, ಇಂಜಿನಿಗೆ ಗೊತ್ತೂ ಇಲ್ಲ, ಅದಕ್ಕೆ ಬೇಕಾಗಿಯೂ ಇಲ್ಲ. ಪಾದದಿಂದಲೇ ಬರಬೇಕು ಅಂತ ಮಾಡಿಟ್ಟವರು ನಮ್ಮಂಥ ಇಂಜಿನಿಯರುಗಳು. ಹಾಗಾದ್ರೆ ಬದಲಿಸುವವರೂ ಇಂಜಿನಿಯರುಗಳೇ ಆಗಬಹುದು.

ತಂಗಿಯ ಮೊದಲ ವರ್ಷದ ರಜೆಯಲ್ಲಿ ಕೂತೆವು. ಒಂದು ಆರ್ಡುಯಿನೊ ಲಿಯೊನಾರ್ಡೊ ಬೋರ್ಡು, ಒಂದು 10ಕೆ ಪೊಟೆನ್ಶಿಯೊಮೀಟರ್, ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಒಂದು ಗೇಣುದ್ದದ ಕಬ್ಬಿಣದ ಲಿವರ್, ಹಿಡಿಗೆ ಹಳೆಯ ಸೈಕಲ್ಲಿನ ಗ್ರಿಪ್. ಲಿಯೊನಾರ್ಡೊ ಯಾಕಂದ್ರೆ ಅದು ಯುಎಸ್‌ಬಿ ಮೂಲಕ ತನ್ನನ್ನೇ ಜಾಯ್‌ಸ್ಟಿಕ್ ಅಂತ ಕಂಪ್ಯೂಟರಿಗೆ ಪರಿಚಯ ಮಾಡಿಕೊಳ್ಳುತ್ತದೆ. ಲಿವರ್ ತನ್ನ ಕಡೆ ಎಳೆದ್ರೆ ಎಕ್ಸಿಲೇಟರ್, ಮುಂದಕ್ಕೆ ತಳ್ಳಿದ್ರೆ ಬ್ರೇಕ್. ನಿಜವಾದ ಕಾರುಗಳ ಕೈ ನಿಯಂತ್ರಣದಲ್ಲೂ ತಳ್ಳಿದ್ರೆ ಬ್ರೇಕ್ ಅನ್ನೋದೇ ರೂಢಿ. ಗಾಬರಿಯಾದಾಗ ಗಾಡಿ ಮುಂದಕ್ಕೆ ಮುಗ್ಗರಿಸಿದ್ರೆ ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ, ಬ್ರೇಕೇ ಬೀಳುತ್ತದೆ. ಆ ಯೋಚನೆ ಮಾಡಿದವರಿಗೆ ಒಂದು ನಮಸ್ಕಾರ.

ಬೋರ್ಡು ಲಿವರಿನ ಸ್ಥಾನವನ್ನು 0ರಿಂದ 1023ರವರೆಗಿನ ಸಂಖ್ಯೆಯಾಗಿ ಓದುತ್ತದೆ. ನಡುವಿನ 512ರ ಆಚೀಚೆ ನಲವತ್ತು ಅಂಕ ಡೆಡ್‌ಝೋನ್ ಬಿಟ್ಟೆವು, ಕೈ ಸುಮ್ಮನೆ ಇಟ್ಟಾಗ ಲಾರಿ ಹರಿದಾಡಬಾರದು ಅಂತ. ಆಮೇಲೆ ಫಿಲ್ಟರ್. ಎಂಟು ಓದುಗಳ ಸರಾಸರಿ ತೆಗೆದ್ರೆ ಅದುರು ಮಾಯ. ಮೂವತ್ತೆರಡರ ಸರಾಸರಿ ತೆಗೆದ್ರೆ ಬೆಣ್ಣೆಯಂಥ ನಯ, ಆದರೆ ಬ್ರೇಕ್ ಒಂದು ಕ್ಷಣ ತಡ. ನಯ ಬೇಕೋ, ಚುರುಕು ಬೇಕೋ? ಕ್ಲಾಸಿನಲ್ಲಿ ನಿದ್ದೆ ಬರಿಸಿದ್ದ ಈ ಪ್ರಶ್ನೆಗೆ ನಮ್ಮ ಮನೆಯಲ್ಲಿ ರಾತ್ರಿ ಒಂದು ಗಂಟೆಯವರೆಗೆ ಜಗಳ ಆಯ್ತು. ತಂಗಿ ನಯದ ಪಕ್ಷ. ಅಣ್ಣ, "ತಡ ಆಗೋ ಕಾಲು ಎರಡು ಅದಾವ ನನಗ, ಮೂರನೇದ್ದು ಬ್ಯಾಡ" ಅಂದ. ಎಂಟಕ್ಕೇ ನಿಲ್ಲಿಸಿದೆವು.

ಮೊದಲ ಓಟ ಲಿವರ್‌ಪೂಲ್‌ನಿಂದ ಶೆಫೀಲ್ಡ್‌ಗೆ. ಎಡಗೈಯಲ್ಲಿ ಲಿವರ್, ಬಲಗೈಯಲ್ಲಿ ಸ್ಟಿಯರಿಂಗ್. ದಾರಿಯಲ್ಲಿ ಹಿಂದಿನಿಂದ ಒಂದು ಲಾರಿ ಜೋರಾಗಿ ಹಾರ್ನ್ ಹೊಡೆಯಿತು. ಅಣ್ಣನ ಮೈ ಬೆಚ್ಚಿತು, ಎರಡೂ ಕಾಲು ಮೇಜಿನ ಕೆಳಗೆ ಕೋಲಿನ ಹಾಗೆ ಸೆಟೆದವು. ಲಾರಿ ಮಾತ್ರ ತನ್ನ ಪಾಡಿಗೆ ನೆಟ್ಟಗೆ ಹೋಗುತ್ತಲೇ ಇತ್ತು. ಕಾಲು ತನ್ನ ಕೆಲಸ ಮಾಡಿತು, ರಸ್ತೆಗೆ ಅದರ ಸುದ್ದಿ ಮುಟ್ಟಲಿಲ್ಲ. ಇದಕ್ಕಿಂತ ದೊಡ್ಡ ಖುಷಿ ಯಾವುದು ಅಂತ ಅಣ್ಣನನ್ನು ಕೇಳಿ, ಇನ್ನೂ ಯೋಚನೆ ಮಾಡ್ತಿದ್ದಾನೆ.

ಆದರೆ ಆ ರಾತ್ರಿ ತಂಗಿಯ ಕಾಲು ಖಾಲಿ. "ನಂಗಿನ್ನ ಏನ್ ಕೆಲ್ಸ?" ಅಂದಳು. "ನೀ ಕ್ಲೀನರ್. ರೈಟ್, ರೈಟ್, ಹೋಲ್ಡಾನ್ ಅನ್ನು" ಅಂದ ಅಣ್ಣ. ಅವಳು ನಗಲಿಲ್ಲ. ಮೂರು ದಿನ ಆ ಕೋಣೆಗೆ ಬರಲಿಲ್ಲ. ಲಿವರ್ ಮಾಡಿದವಳೇ ಅವಳು, ಅದರಿಂದ ಕೆಲಸ ಕಳಕೊಂಡವಳೂ ಅವಳೇ. ನೆರವು ಪಡೆಯುವವರ ಕಷ್ಟದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನೆರವು ಕೊಡುವವರಿಗೂ ಅದೊಂದು ಜಾಗ, ಅದೊಂದು ಹೆಮ್ಮೆ. ಆ ಜಾಗ ಬಿಟ್ಟುಕೊಡೋದು ಸುಲಭ ಅಲ್ಲ. ಮೂರು ವರ್ಷ ನಾವು "ನಾವು" ಆಗಿದ್ದದ್ದು ಒಂದೇ ಲಾರಿಯಲ್ಲಿ. ಅವನು ಒಬ್ಬನೇ ಓಡಿಸಬಲ್ಲ ಅಂದ್ರೆ ಇನ್ನು ನಾವು ಏನು?

ನಾಲ್ಕನೇ ದಿನ ಅಣ್ಣನೇ ದಾರಿ ಹುಡುಕಿದ. ಆ ಆಟಕ್ಕೆ 2021ರ ಜುಲೈನಲ್ಲಿ 1.41 ಆವೃತ್ತಿಯ ಜೊತೆ ಕಾನ್ವಾಯ್ ಅನ್ನೋದು ಸೇರಿತ್ತು. ಎಂಟು ಜನರವರೆಗೆ ಒಂದೇ ರಸ್ತೆಯಲ್ಲಿ, ಬೇರೆ ಬೇರೆ ಲಾರಿಯಲ್ಲಿ ಹೋಗಬಹುದು. ಆಟದ ಎರಡನೇ ಪ್ರತಿ ಸೇಲಿನಲ್ಲಿ ಕೊಂಡು ತಂಗಿಯ ಲ್ಯಾಪ್‌ಟಾಪಿಗೆ ಹಾಕಿದ. ಈಗ ಅವನು ಬಾಯ್ಸ್ ಹಾಸ್ಟೆಲ್‌ನಲ್ಲಿ, ಅವಳು ಲೇಡೀಸ್ ಹಾಸ್ಟೆಲ್‌ನಲ್ಲಿ. ಎರಡು ಲಾರಿ, ಕಿವಿಯಲ್ಲಿ ಇಯರ್‌ಫೋನ್, ಮುಂದೆ ಹೋಗುವವರು ಯಾರು ಅನ್ನೋದರ ಮೇಲೆ ಹೊಸ ಜಗಳ. ಇದರಲ್ಲಿ ಒಂದು ಗುಟ್ಟು ಹೊರಬಿತ್ತು: ತಂಗಿಗೆ ಸ್ಟಿಯರಿಂಗ್ ಬರೋದೇ ಇಲ್ಲ. ಮೂರು ವರ್ಷ ಬರೀ ಕಾಲಾಗಿದ್ದಳಲ್ಲ! ಈಗ ಅಣ್ಣ ಅವಳಿಗೆ ರಿವರ್ಸ್ ಕಲಿಸುತ್ತಿದ್ದಾನೆ. "ಗಾಲಿ ನೋಡಬ್ಯಾಡವಾ, ಮೂಲಿ ನೋಡು."

ಊರಿಗೆ ಹೋದಾಗ ಒಂದು ಪ್ರಶ್ನೆ ಖಾಯಂ. "ಆಟದಾಗ ಓಡಸ್ತೀ, ಖರೇ ಗಾಡಿ ಓಡಸ್ತೀಯೇನು?" ಕೇಳುವವರ ಮನಸ್ಸಿನಲ್ಲಿ ಆಟ ಅನ್ನೋದು ಸಿಗದಿದ್ದರ ಬದಲಿ, ಊಟ ಇಲ್ಲದವನಿಗೆ ಮಂಡಕ್ಕಿ ಕೊಟ್ಟ ಹಾಗೆ. ನಮಗೆ ಹಾಗೆ ಅನ್ನಿಸೋದಿಲ್ಲ. ಕ್ರಿಕೆಟ್ ಗೇಮ್ ಆಡುವವನನ್ನು ಯಾರೂ "ಪಾಪ, ಚಿನ್ನಸ್ವಾಮಿಯಲ್ಲಿ ಆಡೋಕೆ ಆಗಲ್ಲ ಅಂತ ಇದನ್ನ ಆಡ್ತಾನೆ" ಅನ್ನೋದಿಲ್ಲ. ಮಂಡಕ್ಕಿಯ ರುಚಿ ಮಂಡಕ್ಕಿಗೇ ಇದೆ. ನಮ್ಮ ಕಡೆ ಬಂದು ಮಿರ್ಚಿ ಜೊತೆ ತಿಂದು ನೋಡಿ.

ಆದರೂ ಪ್ರಶ್ನೆಗೆ ಉತ್ತರ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ, ಅಂಗವಿಕಲರಿಗಾಗಿ ಮಾರ್ಪಡಿಸಿದ ವಾಹನಕ್ಕೆ ಹೊಸ ಹೆಸರು, ಹೊಸ ವ್ಯಾಖ್ಯೆ ಕೊಟ್ಟಿತು. ಕೈ ನಿಯಂತ್ರಣ ಕೂರಿಸಿದ ಆಟೊಮ್ಯಾಟಿಕ್ ಕಾರು ಓಡಿಸುವವರು ನಮ್ಮ ರಾಜ್ಯದಲ್ಲೇ ಇದ್ದಾರೆ. ದಾರಿ ಇದೆ. ಅಣ್ಣ ಆ ದಾರಿಗೆ ಹೋಗುತ್ತಾನಾ? ನಾವು ಇದನ್ನು ಬಹಳ ಮಾತಾಡಿದ್ದೇವೆ. ಆಟದ ಹಾರ್ನಿಗೆ ಬೆಚ್ಚಿದ್ರೆ ಹೋಗೋದು ಆಟದ ದುಡ್ಡು. ನಿಜವಾದ ರಸ್ತೆಯಲ್ಲಿ ಶಾಲೆ ಬಿಟ್ಟ ಮಕ್ಕಳಿರ್ತಾರೆ, ದನ ಇರ್ತಾವೆ. ಅವ್ವನಿಗೆ ಹೆದರಿಕೆ, ಅಪ್ಪ ಸುಮ್ಮನೆ ಇರ್ತಾರೆ. ತಂಗಿ "ಮೊದಲು ಡಾಕ್ಟರ್‌ನ ಕೇಳೋಣ, ಆಮೇಲೆ ಹೆದರೋಣ" ಅಂತಾಳೆ. ಅಣ್ಣ ಎಲ್‌ಎಲ್ ಅರ್ಜಿಯ ಪುಟ ತೆರೆದು ಅರ್ಧ ತುಂಬಿಸಿ ಇಟ್ಟಿದ್ದಾನೆ. ತೀರ್ಮಾನ ಅವನದು. ಬೇಡ ಅಂದ್ರೂ ಅದು ಅವನೇ ಒತ್ತಿದ ಬ್ರೇಕು, ಇನ್ನೊಬ್ಬರು ಒತ್ತಿದ್ದಲ್ಲ. ಸದ್ಯಕ್ಕೆ ಅಷ್ಟು ಸಾಕು.

ಕೊನೆಗೆ ಕ್ಯಾಂಪಸ್ಸಿನ ಗೆಳೆಯರಿಗೆ ಎರಡು ಮಾತು. ಒಂದು, ನೀವು ಮಿನಿ ಪ್ರಾಜೆಕ್ಟಿಗೆ ಐಡಿಯಾ ಹುಡುಕ್ತಾ ಇದ್ರೆ, ಲೈನ್ ಫಾಲೋವರ್ ರೋಬೊ ಈಗಾಗಲೇ ಸಾಕಷ್ಟು ಆಗಿವೆ. ನಿಮ್ಮ ಓಣಿಯಲ್ಲಿ ಒಂದು ಗುಂಡಿ ಒತ್ತೋಕೆ, ಒಂದು ಬಾಗಿಲು ತೆಗೆಯೋಕೆ, ಒಂದು ಆಟ ಆಡೋಕೆ ಕಷ್ಟ ಪಡುವವರು ಯಾರೋ ಇದ್ದೇ ಇರ್ತಾರೆ. ಹೋಗಿ ಪಕ್ಕದಲ್ಲಿ ಕೂತು ನೋಡಿ, ಏನು ಬೇಕು ಅಂತ ಅವರನ್ನೇ ಕೇಳಿ. ಒಂದು ಪೊಟೆನ್ಶಿಯೊಮೀಟರ್ ಎಷ್ಟು ದೂರ ಕರಕೊಂಡು ಹೋಗುತ್ತದೆ ಅಂತ ನಾವು ನೋಡಿದ್ದೇವೆ. ನಮ್ಮ ಕೋಡು ಬೇಕಾದವರಿಗೆ ಕೊಡ್ತೇವೆ, ನಲವತ್ತು ಸಾಲೂ ಇಲ್ಲ.

ಇನ್ನೊಂದು, ಕಾನ್ವಾಯಿನಲ್ಲಿ ಎಂಟು ಲಾರಿಗೆ ಜಾಗ ಇದೆ. ನಾವು ಇಬ್ಬರು, ಆರು ಖಾಲಿ. ಪ್ರತಿ ಶನಿವಾರ ರಾತ್ರಿ ಮೆಸ್ಸಿನ ಊಟ ಆದ ಮೇಲೆ ಹೊರಡ್ತೇವೆ. ಅನುಭವ ಬೇಡ, ಪಾಸ್ ಬೇಡ, ನೂರು ಕಿಲೋಮೀಟರಿನ ಗಡಿಯೂ ಇಲ್ಲ. ಬಂದು ಕುಂದ್ರಿ. ತಂಗಿಯ ಲಾರಿಯಿಂದ ಮಾತ್ರ ಸ್ವಲ್ಪ ದೂರ ಇರಿ, ಅವಳಿನ್ನೂ ರಿವರ್ಸ್ ಕಲೀತಿದ್ದಾಳೆ.